ಗಿರೀಶ ಕಾರ್ನಾಡರು ನಟರಾಗಿಯೂ ದೊಡ್ಡವರೇ?

ನೀವು ಕೇಳಿರುವುದು ಇಷ್ಟು: ಕಾಲೇಜಿನಲ್ಲಿ ಕಾರ್ನಾಡರ ನಾಟಕ ಓದಿದ್ದೀರಿ, ಆಮೇಲೆ ಸಲ್ಮಾನ್ ಖಾನ್ ಚಿತ್ರದಲ್ಲಿ ಅವರನ್ನು ಕಂಡು ಬೆರಗಾದಿರಿ. ಅವರಿಗೆ ಪಾತ್ರಗಳು ಸಿಕ್ಕಿದ್ದು ನಟನೆಯಿಂದಲೋ, ಹೆಸರಿನಿಂದಲೋ?

ನಾನು ಧಾರವಾಡದವನು. ಮಾತಿನಲ್ಲಿ ಊರಿನ ಅಭಿಮಾನ ಬೆರೆತಿದ್ದರೆ ಸೋಸಿಕೊಂಡು ಓದಿ. ಕಾರ್ನಾಡರು ಹುಟ್ಟಿದ್ದು ಮಾಥೇರಾನದಲ್ಲಿ. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋದವರು. ನಮ್ಮ ಹಿರಿಯರಿಗೆ ಅವರು ಮೊದಲು ಇಲ್ಲಿಯ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ, ಸಾಹಿತಿಗಳು ಸೇರುತ್ತಿದ್ದ ಅಟ್ಟಕ್ಕೆ ಸೇರಿದವರು, ಆಮೇಲೆ ಜ್ಞಾನಪೀಠದವರು. ಸಿನಿಮಾ ಎಂದರೆ ‘ಅದೊಂದು ಇತ್ತು’ ಎಂದು ಕೈ ಆಡಿಸಿಬಿಡುತ್ತಾರೆ. ಅಲ್ಲಿಯೇ ನನ್ನ ತಕರಾರು.

ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. 1970ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ: ಅಗ್ರಹಾರಕ್ಕೆಲ್ಲ ಧರ್ಮ ಹೇಳಬೇಕಾದ ಪಂಡಿತ, ತಾನೇ ದಾರಿ ತಪ್ಪಿ ಕಂಗೆಡುತ್ತಾನೆ. 1975ರ ‘ನಿಶಾಂತ್’ನಲ್ಲಿ ಶಾಲಾ ಮಾಸ್ತರ; ಜಮೀನ್ದಾರರ ಮನೆಯವರು ಹೆಂಡತಿಯನ್ನು ಹೊತ್ತೊಯ್ದರೆ ಕಂಡಕಂಡವರ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳುವವನು. ಮರುವರ್ಷದ ‘ಮಂಥನ್’ನಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬಂದ ಡಾಕ್ಟರ್ ರಾವ್, ಕೆಲಸ ಕೈಗೂಡುವ ಮೊದಲೇ ಊರು ಬಿಡುತ್ತಾನೆ. (ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ಮಾಡಿದ ಚಿತ್ರ ಇದೇ.) ಸುಮಾರು ಮೂವತ್ತು ವರ್ಷ ದಾಟಿ 2005ರ ‘ಇಕ್ಬಾಲ್’ಗೆ ಬನ್ನಿ: ಪ್ರತಿಭೆಯನ್ನು ಗುರುತಿಸಬಲ್ಲ, ಆದರೆ ಹಣವಂತನ ಮಗನ ಎದುರು ಅದನ್ನು ಹೊರದಬ್ಬುವ ಕ್ರಿಕೆಟ್ ಗುರು. 2006ರ ‘ಡೋರ್’ನಲ್ಲಿ ಮನೆತನದ ಮಾನದ ಬಗ್ಗೆ ಮಾತನಾಡುತ್ತಲೇ ಸಾಲಕ್ಕಾಗಿ ವಿಧವೆ ಸೊಸೆಯ ವ್ಯವಹಾರ ಕುದುರಿಸುವ ಮಾವ. ಎಲ್ಲರೂ ನಾಲ್ಕು ಜನ ಎದ್ದು ನಿಂತು ನಮಸ್ಕರಿಸುವಂಥವರು, ಎಲ್ಲರಲ್ಲೂ ಎಲ್ಲೋ ಒಂದು ಬಿರುಕು. ಆ ಬಿರುಕನ್ನು ಅವರು ಅತ್ತು ಕರೆದು ತೋರಿಸುವುದಿಲ್ಲ. ಕುತ್ತಿಗೆ ನೆಟ್ಟಗೇ ಇರುತ್ತದೆ, ಕಣ್ಣು ಮಾತ್ರ ಎದುರಿನವರಿಂದ ಪಕ್ಕಕ್ಕೆ ಸರಿಯುತ್ತದೆ.

ದೂರದರ್ಶನದ ‘ಮಾಲ್ಗುಡಿ ಡೇಸ್’ನಲ್ಲಿ ಅವರು ಸ್ವಾಮಿಯ ತಂದೆ. ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಧೈರ್ಯವೊಂದಿದ್ದರೆ ಸಾಕು ಎಂದು ಮಗನನ್ನು ರಾತ್ರಿ ಒಬ್ಬನೇ ಮಲಗಲು ಕಳುಹಿಸುವ ಕಂತು ನೆನಪಿದೆಯೇ? ಬೈಗುಳವಿಲ್ಲ, ಬೆತ್ತವಿಲ್ಲ. ಆದರೂ ಟಿ.ವಿ. ಮುಂದೆ ಕುಳಿತ ನಾನು ಒಮ್ಮೆ ಹಿಂದೆ ತಿರುಗಿ ನಮ್ಮ ಅಪ್ಪನನ್ನು ನೋಡಿದ್ದೆ. ಅವರೂ ಪತ್ರಿಕೆ ಓದುತ್ತಿದ್ದರು.

ಎಲ್ಲವೂ ಚಿನ್ನ ಎನ್ನಲಾರೆ. 1994ರ ‘ಕಾದಲನ್’ನ ರಾಜ್ಯಪಾಲ ಪಕ್ಕಾ ಖಳನಾಯಕ, ಅಬ್ಬರಿಸಬೇಕಾದ ಕಡೆ ಅವರಿಗೆ ಅಬ್ಬರ ಒಗ್ಗುವುದಿಲ್ಲ. ನೀವು ಕಂಡ ‘ಏಕ್ ಥಾ ಟೈಗರ್’ನ ಶೆಣೈ ಪಾತ್ರದಲ್ಲಿ ಅವರಿಗೆ ಹೆಚ್ಚು ಕೆಲಸವೇ ಇಲ್ಲ, ಅಲ್ಲಿ ಹೆಸರು ಕೆಲಸ ಮಾಡಿತು ಎಂದರೆ ನಾನು ಜಗಳಕ್ಕೆ ಬರುವುದಿಲ್ಲ. ನಾಟಕ ಬರೆದು ಸಂಸಾರ ತೂಗಿಸಲಾಗದ ನಾಡಿನಲ್ಲಿ ಇದಕ್ಕೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ.

ನೋಡಲು ಆರಂಭಿಸುವುದಾದರೆ 1990ರ ‘ಸಂತ ಶಿಶುನಾಳ ಶರೀಫ’ದಿಂದ ಆರಂಭಿಸಿ. ಶ್ರೀಧರ್ ಶರೀಫರು, ಕಾರ್ನಾಡರು ಗುರು ಗೋವಿಂದ ಭಟ್ಟರು. ಶಿಶುನಾಳ ಇರುವುದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ, ಭಟ್ಟರ ಕಳಸ ಗ್ರಾಮ ನಮ್ಮ ಕುಂದಗೋಳದ ಕಡೆ. ಮುಸ್ಲಿಂ ಶಿಷ್ಯನಿಗೆ ಗುರು ಜನಿವಾರ ಹಾಕಿದ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿಯೇ ಇಲ್ಲಿಯವರು ಬೆಳೆಯುತ್ತಾರೆ. ಆ ಪಾತ್ರದಲ್ಲಿ ತಪ್ಪು ಮಾಡಿದ್ದರೆ ಈ ಸೀಮೆಯವರು ಬಿಡುತ್ತಿರಲಿಲ್ಲ. ಮೇಲೆ ಹೇಳಿದ ಬಿರುಕು ಈ ಒಬ್ಬನಲ್ಲಿ ಮಾತ್ರ ಇಲ್ಲ. ದೊಡ್ಡಸ್ತಿಕೆಯನ್ನು ಇವನು ತಾನಾಗಿಯೇ ಕಳಚಿ ಇಡುತ್ತಾನೆ, ಅದೂ ಬಿಸಿಲಿಗೆ ಮೇಲುಹೊದಿಕೆ ತೆಗೆದಿಟ್ಟಷ್ಟು ಸಲೀಸಾಗಿ.

ಆ ಚಿತ್ರವನ್ನು ನಾನು ಹುಬ್ಬಳ್ಳಿಯ ಟಾಕೀಸಿನಲ್ಲಿ ನೋಡಿದ್ದು ಸೋದರಮಾವನ ಜೊತೆ. ಅವರು ಕುಂದಗೋಳದ ಬಳಿಯ ಹಳ್ಳಿಯವರು, ಜಾತ್ರೆಯ ನಾಟಕಗಳ ಕಾಯಂ ಖಳನಾಯಕ. ಕೊನೆಯ ಸಾಲಿನವರೆಗೂ ಧ್ವನಿ ಮುಟ್ಟದಿದ್ದರೆ ಅದು ನಟನೆಯೇ ಅಲ್ಲ ಎನ್ನುತ್ತಿದ್ದವರು, ಹೊರಗೆ ಬಂದು ಚಹಾ ಕುಡಿಯುವಾಗ ‘ಈ ಮನುಷ್ಯ ಒಮ್ಮೆಯೂ ಕೂಗಲಿಲ್ಲವಲ್ಲ’ ಎಂದು ಎರಡು ಸಲ ಹೇಳಿದರು. ಮುಂದಿನ ಜಾತ್ರೆಗೆ ಶರೀಫರ ನಾಟಕವನ್ನೇ ಹಿಡಿದು, ಹಟ ಮಾಡಿ ಗೋವಿಂದ ಭಟ್ಟರ ಪಾತ್ರ ಪಡೆದರು. ಮೊದಲ ಪ್ರವೇಶದಲ್ಲಿ ಮೆಲ್ಲಗೆ ಒಂದು ಮಾತು ಆಡಿ, ಕಾರ್ನಾಡರಂತೆ ಕ್ಷಣ ಹೊತ್ತು ಸುಮ್ಮನೆ ನಿಂತರು. ಮಾತು ಮರೆತಿದ್ದಾರೆಂದು ತಿಳಿದ ಪೇಟಿ ಮಾಸ್ತರರು ಗಾಬರಿಯಾಗಿ ಮುಂದಿನ ಹಾಡಿಗೆ ಸ್ವರ ಹಿಡಿದೇಬಿಟ್ಟರು.