ಹಾಲು ಉಕ್ಕುವುದರೊಳಗೆ ಒಂದು ಚಿತ್ರ

ಪ್ರಶ್ನೆ: ಪ್ರತಿ ಜನವರಿಯಲ್ಲೂ ಒಳ್ಳೆಯ ಸ್ಕೆಚ್ ಪುಸ್ತಕ ಕೊಂಡು ದಿನಕ್ಕೊಂದು ಚಿತ್ರ ಬಿಡಿಸಲು ಶುರು ಮಾಡುತ್ತೇನೆ. ಮೂರನೇ ವಾರಕ್ಕೆ ನಿಂತುಹೋಗುತ್ತದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ, ನನಗಂತೂ ಆಗಿಲ್ಲ. ಕೆಲಸಕ್ಕೆ ಹೋಗುವವರು ಇದನ್ನು ಹೇಗೆ ಉಳಿಸಿಕೊಳ್ಳುತ್ತೀರಿ? ಮೊದಲ ದಿನ ಏನನ್ನು ಬಿಡಿಸಬೇಕು?

ಮೊದಲು ಆ ದುಬಾರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ತಮಾಷೆಗೆ ಹೇಳುತ್ತಿಲ್ಲ. ನನ್ನ ಹತ್ತಿರವೂ ಅಂಥವು ನಾಲ್ಕಿವೆ, ನಾಲ್ಕರಲ್ಲೂ ಆರೇಳು ಹಾಳೆಗಳಷ್ಟೇ ತುಂಬಿವೆ. ಹೊಸ ಬಿಳಿ ಪಂಚೆ ಉಟ್ಟು ಮದುವೆಯ ಊಟಕ್ಕೆ ಕುಳಿತವರನ್ನು ನೋಡಿದ್ದೀರಲ್ಲ, ಸಾರು ಎಲ್ಲಿ ಚೆಲ್ಲೀತೋ ಎಂಬ ಚಿಂತೆಯಲ್ಲಿ ಅವರಿಗೆ ಊಟದ ರುಚಿಯೇ ಹತ್ತುವುದಿಲ್ಲ. ದಪ್ಪ ಕಾಗದದ ಮುಂದೆ ನನ್ನ ಕೈಯದೂ ಅದೇ ಪಾಡು. ಈಗ ನಾನು ಬಳಸುವುದು ಶಾಲೆಯ ಮಕ್ಕಳು ಬರೆಯುವ 200 ಪುಟದ, ಗೆರೆಯಿಲ್ಲದ ಉದ್ದ ನೋಟ್‌ಬುಕ್, ಜೊತೆಗೆ ನೀಲಿ ಬಾಲ್ ಪೆನ್. ತೆಳು ಕಾಗದದಲ್ಲಿ ಶಾಯಿ ಪೆನ್ನು ಹಿಂಬದಿಗೆ ಇಳಿಯುತ್ತದೆ, ಬಾಲ್ ಪೆನ್ ಇಳಿಯುವುದಿಲ್ಲ. ಅಳಿಸಲು ಬರುವುದಿಲ್ಲ ಎಂಬುದು ಅದರ ಇನ್ನೊಂದು ಗುಣ. ರಬ್ಬರ್ ಕೈಯಲ್ಲಿದ್ದ ದಿನಗಳಲ್ಲಿ ನಾನು ಬಿಡಿಸಿದ್ದಕ್ಕಿಂತ ಉಜ್ಜಿದ್ದೇ ಹೆಚ್ಚು.

ನಾನು ಚಿತ್ರಕಲೆ ಕಲಿತವಳಲ್ಲ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ರೈಲಿನ ತಿಂಗಳ ಪಾಸು ಮಾಡಿಸಿಕೊಂಡು ಓಡಾಡುವವರ ಪೈಕಿ. 2016ರಲ್ಲಿ ಈ ಅಭ್ಯಾಸ ಶುರುವಾದದ್ದೇ ಆ ರೈಲಿನಲ್ಲಿ, ಅದೂ ಮೊಬೈಲ್ ಕೆಟ್ಟುಹೋದ ಒಂದು ವಾರದಲ್ಲಿ. ಕೈಗೆ ಕೆಲಸವಿರಲಿಲ್ಲ, ಚೀಲದಲ್ಲಿ ಹಳೆಯ ವೋಚರ್‌ಗಳ ಕಟ್ಟಿತ್ತು, ಅದರ ಹಿಂಬದಿಯಲ್ಲಿ ಎದುರಿಗೆ ಕುಳಿತವರ ಕೈ ಬಿಡಿಸಿದೆ. ಮುಖವನ್ನು ದಿಟ್ಟಿಸಿದರೆ ಯಾರಿಗಾದರೂ ಮುಜುಗರವಾಗುತ್ತದೆ. ಕೈಯನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಟಿಫಿನ್ ಡಬ್ಬಿ ಹಿಡಿದ ಕೈ, ಕಿಟಕಿಯ ಸರಳಿಗೆ ಜೋತುಬಿದ್ದ ಕೈ, ನಿದ್ದೆಯಲ್ಲಿ ತೊಡೆಯ ಮೇಲೆ ಅಂಗಾತ ಬಿದ್ದ ಕೈ.

ಒಂದು ನಿಯಮ ತಾನಾಗಿಯೇ ಬೆಳೆಯಿತು. ಪಾಂಡವಪುರ ಬಿಟ್ಟ ಕೂಡಲೇ ಪೆನ್ನು ತೆಗೆಯುವುದು, ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿಯ ಸೇತುವೆ ಹತ್ತಿ ಗಾಲಿಯ ಸದ್ದು ಬದಲಾದೊಡನೆ ಮುಚ್ಚಳ ಹಾಕುವುದು. ಚಿತ್ರ ಮುಗಿದಿರಲಿ, ಬಿಡಲಿ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವೆಲ್ಲ ಇಷ್ಟರಲ್ಲೇ ಇದೆ. ಎಲ್ಲಿ ಶುರು ಎಂಬುದನ್ನು ಎಲ್ಲರೂ ಯೋಚಿಸುತ್ತಾರೆ: ಬೆಳಗ್ಗೆ ಐದಕ್ಕೆ ಏಳುತ್ತೇನೆ, ಮೇಜು ಹಾಕಿಕೊಳ್ಳುತ್ತೇನೆ, ಹೀಗೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾರೂ ಗೊತ್ತು ಮಾಡಿಕೊಳ್ಳುವುದಿಲ್ಲ. ಕೊನೆಯಿಲ್ಲದ ಕೆಲಸಕ್ಕೆ ದಣಿದ ಮನುಷ್ಯ ಯಾಕಾದರೂ ಕುಳಿತುಕೊಳ್ಳುತ್ತಾನೆ? ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿರಲಿಲ್ಲ, ಸೇತುವೆಯ ಕೈಯಲ್ಲಿತ್ತು. ಆದ್ದರಿಂದಲೇ ಮಾರನೆಯ ದಿನ ಮತ್ತೆ ಪೆನ್ನು ತೆಗೆಯಲು ಭಯವಾಗುತ್ತಿರಲಿಲ್ಲ.

ಆ ಬೋಗಿಯಲ್ಲಿ ಹೂ ಮಾರುವ ಹೆಂಗಸೊಬ್ಬರು ಬರುತ್ತಿದ್ದರು. ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಮಲ್ಲಿಗೆ ಕಟ್ಟುತ್ತಿದ್ದರು. ಆ ಕೈ ಬಿಡಿಸಲು ನಾನು ಒಂದು ತಿಂಗಳು ಒದ್ದಾಡಿದ್ದೇನೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಎರಡು ಮೊಗ್ಗು ಆಚೆ ಮುಖ, ಎರಡು ಮೊಗ್ಗು ಈಚೆ ಮುಖ. ಬಲಗೈ ಒದ್ದೆ ಬಾಳೆನಾರನ್ನು ಒಂದು ಸುತ್ತು ತಂದು, ಬೆರಳಿನ ತುದಿಯಲ್ಲೇ ಕುಣಿಕೆ ಮಾಡಿ, ಹೂವಿನ ಕೊರಳಿಗೆ ಇಳಿಸಿ ಸರಕ್ಕನೆ ಎಳೆಯುತ್ತದೆ. ನೋಡಿದರೆ ತಿಳಿದಂತಾಗುತ್ತದೆ, ಬಿಡಿಸಲು ಹೋದರೆ ಒಂದೂ ತಿಳಿದಿರುವುದಿಲ್ಲ. ಒಂದು ದಿನ ಅವರೇ ಬಗ್ಗಿ ನನ್ನ ಪುಸ್ತಕ ನೋಡಿದರು. ಹೊಗಳುತ್ತಾರೇನೋ ಎಂದುಕೊಂಡೆ. "ಹೀಗೆ ಹಿಡಿದರೆ ಹೂವೆಲ್ಲ ಉದುರಿಹೋಗುತ್ತದೆ ಕಣಕ್ಕಾ, ಹೆಬ್ಬೆರಳು ಎಲ್ಲಿ ಹೋಯಿತು?" ಎಂದರು. ನಿಜ. ಅಷ್ಟು ದಿನವೂ ನಾನು ಹೆಬ್ಬೆರಳನ್ನು ಹೂವಿನ ಹಿಂದೆ ಅಡಗಿಸಿಬಿಟ್ಟಿದ್ದೆ. ಅದು ಕಷ್ಟವಾದ್ದರಿಂದ ಕಣ್ಣು ಅದನ್ನು ನೋಡುವುದನ್ನೇ ತಪ್ಪಿಸುತ್ತಿತ್ತು. ಆಮೇಲೆ ಅವರು ಕೈಯನ್ನು ನಿಧಾನ ಮಾಡಿ ಎರಡು ಗಂಟು ಹಾಕಿ ತೋರಿಸಿದರು, ಅರ್ಧ ಮೊಳ ಹೂವನ್ನೂ ಕೊಟ್ಟರು. ದುಡ್ಡು ಬೇಡವೆಂದರು. ನನ್ನ ಚಿತ್ರಗಳಿಗೆ ಬಂದ ಅತ್ಯಂತ ಉಪಯುಕ್ತ ವಿಮರ್ಶೆ ಇವತ್ತಿಗೂ ಅದೇ.

ಇನ್ನು ಮುರಿದುಬಿದ್ದ ಕಥೆ. ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿಚಿತ್ರ ಬಿಡಿಸುವ ಇಂಕ್ಟೋಬರ್ ಎಂಬ ಪದ್ಧತಿಯ ಹೆಸರನ್ನು ನೀವು ಕೇಳಿರಬಹುದು. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಸ್ವಂತ ಅಭ್ಯಾಸಕ್ಕೆಂದು ಶುರು ಮಾಡಿದ್ದು, ಈಗ ಜಗತ್ತೆಲ್ಲ ಹಬ್ಬಿದೆ. 2018ರಲ್ಲಿ ನಾನೂ ಕೈ ಹಾಕಿದೆ. ದಿನಕ್ಕೊಂದು ವಿಷಯ, ಬಿಡಿಸಿದ್ದನ್ನು ರಾತ್ರಿ ಮೊಬೈಲಿನಿಂದ ಎಲ್ಲರಿಗೂ ತೋರಿಸುವುದು. ಹತ್ತೊಂಬತ್ತು ದಿನ ನಡೆಯಿತು. ಅಷ್ಟು ಹೊತ್ತಿಗೆ ಕೈ ಬಿಡಿಸುವುದನ್ನು ಬಿಟ್ಟು, ಜನ ಮೆಚ್ಚುವ ಗೂಬೆಗಳನ್ನೂ ಚಂದ್ರನನ್ನೂ ಬಿಡಿಸುತ್ತಿದ್ದೆ. ಇಪ್ಪತ್ತನೆಯ ದಿನ ಕಚೇರಿಯಲ್ಲಿ ಆಡಿಟ್, ಮನೆಗೆ ಬಂದಾಗ ಒಂಬತ್ತು ಗಂಟೆ. ಒಂದು ದಿನ ತಪ್ಪಿದ್ದಕ್ಕೆ ಇಡೀ ಸರಣಿಯೇ ಹಾಳಾಯಿತೆಂದು ಮುನಿಸಿಕೊಂಡು ಜನವರಿಯವರೆಗೂ ಪೆನ್ನು ಮುಟ್ಟಲಿಲ್ಲ. ತಪ್ಪು ಆ ಪದ್ಧತಿಯದಲ್ಲ, ನನ್ನದು. ಆದರೂ ನಿಮಗೊಂದು ಮಾತು: ಮೊದಲ ಆರು ತಿಂಗಳು ಬಿಡಿಸಿದ್ದನ್ನು ಯಾರಿಗೂ ತೋರಿಸಬೇಡಿ. ಹೂ ಕಟ್ಟುವವರು ಬಗ್ಗಿ ನೋಡಿದರೆ ಅದು ಬೇರೆ.

21 ದಿನದ ಲೆಕ್ಕದ ಬಗ್ಗೆ ಕೇಳಿದ್ದೀರಿ. ಅದರ ಮೂಲ ತಮಾಷೆಯಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು, ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು. ಹೇಳಿದವರ ಬಾಯಿಂದ ಹೇಳಿದವರ ಬಾಯಿಗೆ ದಾಟುವಾಗ 'ಕಡಿಮೆಯೆಂದರೂ' ಎಂಬುದು ಬಿದ್ದುಹೋಯಿತು, ಮುಖ ಹೋಗಿ ಅಭ್ಯಾಸ ಬಂದು ಕುಳಿತಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 96 ಮಂದಿಯನ್ನು 12 ವಾರ ಗಮನಿಸಿದ್ದರು. ಚಿತ್ರ ಬಿಡಿಸುವುದಲ್ಲ, ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು, ಅಂಥವು. ಅಭ್ಯಾಸ ಕೂರಲು ಸರಾಸರಿ 66 ದಿನ ಎಂದು ಕಂಡುಬಂತು, ಆದರೆ ಒಬ್ಬೊಬ್ಬರಿಗೆ ಒಂದೊಂದು ರೀತಿ, 18ರಿಂದ 254 ದಿನಗಳವರೆಗೆ (12 ವಾರ ದಾಟಿದ್ದು ಲೆಕ್ಕ ಹಾಕಿ ಅಂದಾಜಿಸಿದ್ದು). ನನಗೆ ಹಿಡಿಸಿದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲವಂತೆ. 2018ರ ಅಕ್ಟೋಬರಿನಲ್ಲಿ ಇದು ನನಗೆ ಗೊತ್ತಿರಬೇಕಿತ್ತು. ಹಾಗೆಯೇ ನೀವು ಸೋತಿರುವುದು ಮೂರನೇ ವಾರದಲ್ಲಿ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಯಾರಿಗೂ ಕೂರದ ಅಭ್ಯಾಸ ನಿಮಗೂ ಕೂತಿಲ್ಲ, ಅಷ್ಟೇ.

ಎರಡನೆಯ ಸಲ ಮುರಿದದ್ದು 2020ರ ಮಾರ್ಚಿನಲ್ಲಿ. ದೇಶದಾದ್ಯಂತ ಪ್ರಯಾಣಿಕರ ರೈಲುಗಳು ನಿಂತವು. ನಾಲ್ಕು ವರ್ಷದ ಅಭ್ಯಾಸ ನಾಲ್ಕೇ ದಿನದಲ್ಲಿ ಮಾಯವಾಯಿತು. ದಿನವಿಡೀ ಮನೆಯಲ್ಲೇ ಇದ್ದೆ, ಸಮಯಕ್ಕೆ ಬರವಿರಲಿಲ್ಲ, ಆದರೂ ಒಂದು ಗೆರೆ ಎಳೆಯಲು ಆಗುತ್ತಿರಲಿಲ್ಲ. ಸೇತುವೆ ಇರಲಿಲ್ಲವಲ್ಲ!

ಸೇತುವೆ ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಬೆಳಗ್ಗೆ ಅರ್ಧ ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಕಾಯಲು ಇಟ್ಟರೆ ನಮ್ಮ ಒಲೆಯಲ್ಲಿ ಸುಮಾರು ಒಂಬತ್ತು ನಿಮಿಷ ಬೇಕು. ಆ ಒಂಬತ್ತು ನಿಮಿಷ ನಾವು ಮಾಡುವುದೇನು? ಹಾಲನ್ನೇ ನೋಡುತ್ತಾ ನಿಲ್ಲುತ್ತೇವೆ, ಅತ್ತ ತಿರುಗಿದೊಡನೆ ಅದು ಉಕ್ಕುತ್ತದೆ. ಹೇಗೂ ನೋಡುವುದೇ ಆದರೆ ಬಿಡಿಸುತ್ತಲೇ ನೋಡಬಾರದೇಕೆ ಎನಿಸಿತು. ಕಟ್ಟೆಯ ಮೇಲೆ ಪುಸ್ತಕ, ಎದುರಿಗೆ ಹಾಲಿನ ಪಾತ್ರೆ, ಪಕ್ಕದಲ್ಲಿ ಇಕ್ಕಳ. ಹಾಲು ಮೇಲೇರಿದಾಗ ಒಲೆ ಆರಿಸಬೇಕು, ಪೆನ್ನೂ ಕೆಳಗಿಡಬೇಕು.

ಒಂದೇ ಪಾತ್ರೆಯನ್ನು ದಿನಾ ಬಿಡಿಸಿದರೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. ಮೊದಲ ವಾರ ಆಗುತ್ತದೆ. ಆಮೇಲೆ ಪಾತ್ರೆಯೇ ಜಗಳಕ್ಕೆ ಬರುತ್ತದೆ. ನನ್ನ ಪಾತ್ರೆ ಯಾವಾಗಲೂ ಒಲೆಯ ಮೇಲೆ ಕೂರದೆ ಗಾಳಿಯಲ್ಲಿ ತೇಲುತ್ತಿತ್ತು. ಬಾಯಿಯನ್ನು ಮೊಟ್ಟೆಯಾಕಾರಕ್ಕೆ ಸರಿಯಾಗಿಯೇ ಎಳೆಯುತ್ತಿದ್ದೆ, ಎರಡು ಪಕ್ಕವೂ ನೇರ, ತಳಕ್ಕೆ ಬಂದಾಗ ಮಾತ್ರ ಅಡ್ಡಡ್ಡ ಒಂದು ಸೀದಾ ಗೆರೆ. ಯಾಕೆಂದರೆ ತಳ ಚಪ್ಪಟೆ ಎಂದು ನನ್ನ ಬುದ್ಧಿಗೆ ಗೊತ್ತು. ಕಣ್ಣಿಗೆ ಕಾಣುವುದು ಬೇರೆ: ಮೇಲಿನಿಂದ ನೋಡುವಾಗ ತಳದ ಮುಂಭಾಗವೂ ಬಾಗಿಯೇ ಕಾಣುತ್ತದೆ, ಅದು ಕಣ್ಣಿನ ಮಟ್ಟದಿಂದ ಇನ್ನಷ್ಟು ಕೆಳಗಿರುವುದರಿಂದ ಬಾಯಿಗಿಂತ ತುಸು ಹೆಚ್ಚೇ ದುಂಡಗೆ ಕಾಣುತ್ತದೆ. ಬಾಯಿಯ ಎರಡು ತುದಿಗಳನ್ನು ದೋಣಿಯ ಮೂತಿಯ ಹಾಗೆ ಚೂಪು ಮಾಡುವುದು ಇನ್ನೊಂದು ತಪ್ಪು. ಅಲ್ಲೂ ಗೆರೆ ತಿರುಗಬೇಕು, ಮುರಿಯಬಾರದು. ಇಷ್ಟು ತಿಳಿಯಲು ನನಗೆ ಮೂವತ್ತೇಳು ಪಾತ್ರೆಗಳು ಬೇಕಾದವು. ಮೂವತ್ತೆಂಟನೆಯದು ಒಲೆಯ ಮೇಲೆ ಕುಳಿತಿತು. ಆ ದಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು, ಪುಸ್ತಕದ ಅಂಚಿನಲ್ಲಿ ಅದರ ಹಳದಿ ಕಲೆ ಈಗಲೂ ಇದೆ.

ಇಟಲಿಯ ಬೊಲೊನ್ಯಾದಲ್ಲಿ ಜಾರ್ಜಿಯೋ ಮೊರಾಂಡಿ (1890–1964) ಎಂಬ ಚಿತ್ರಕಾರರಿದ್ದರು. ಮೂವರು ತಂಗಿಯರ ಜೊತೆ ಒಂದೇ ಮನೆಯಲ್ಲಿ ವಾಸ, ಮಲಗುವ ಕೋಣೆಯೇ ಚಿತ್ರಶಾಲೆ. ಅದೇ ಬಾಟಲಿ, ಅದೇ ಜಾಡಿ, ಅದೇ ಡಬ್ಬಿಗಳನ್ನು ಅತ್ತಿತ್ತ ಸರಿಸಿಟ್ಟು ಹತ್ತಾರು ವರ್ಷ ಬಿಡಿಸಿದರು. ಅವರ ಚಿತ್ರಗಳ ಮುದ್ರಿತ ಪ್ರತಿಗಳನ್ನು ನೋಡಿದ ಮೇಲೆ ನನಗೆ ನನ್ನ ಪಾತ್ರೆಯ ಬಗ್ಗೆ ಇದ್ದ ಸಂಕೋಚ ಹೋಯಿತು. ಅಷ್ಟು ದೂರ ಹೋಗುವುದು ಬೇಡವೆಂದರೆ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಇದ್ದಾರೆ. ಪತ್ರಿಕೆಗಾಗಿ ದಶಕಗಳ ಕಾಲ ದಿನವೂ ವ್ಯಂಗ್ಯಚಿತ್ರ ಬರೆಯುತ್ತಿದ್ದ ಮನುಷ್ಯ. ಅದೇ ಸಾಕಾಗಿಹೋಗಬೇಕಿತ್ತು, ಆದರೂ ಬಾಲ್ಯದಿಂದ ಹಿಡಿದ ಕಾಗೆಯನ್ನು ಅವರು ಬಿಡಲಿಲ್ಲ. ಕಾಗೆಯನ್ನು ಬರೆಯಿರೆಂದು ಯಾವ ಸಂಪಾದಕರು ಹೇಳುತ್ತಾರೆ?

ಅಮ್ಮನಿಗೆ ಇದೆಲ್ಲ ನಗೆಪಾಟಲು. ಐವತ್ತು ವರ್ಷದಿಂದ ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವವರು ಅವರು, ತಮ್ಮದು ಅಭ್ಯಾಸ ಎಂದಾಗಲೀ ಕಲೆ ಎಂದಾಗಲೀ ಒಮ್ಮೆಯೂ ಹೇಳಿದವರಲ್ಲ. ಅವರಿಂದ ನಾನು ಕದ್ದ ಉಪಾಯವೊಂದಿದೆ. ಧನುರ್ಮಾಸದಲ್ಲಿ, ಹಬ್ಬದಲ್ಲಿ ಬೀದಿಯ ಅರ್ಧದವರೆಗೆ ಬರುವ ಚುಕ್ಕಿ ರಂಗೋಲಿ. ಮಾಮೂಲಿ ದಿನ ನಾಲ್ಕೆಳೆಯ ಪದ್ಮ. ಮಳೆ ಬರುವ ಹಾಗಿದ್ದರೆ, ಮಂಡಿ ನೋವಿದ್ದರೆ, ಒಂದರ ಮೇಲೊಂದು ಎರಡು ತ್ರಿಕೋನ ಎಳೆದು ನಕ್ಷತ್ರ ಮಾಡಿ ಎದ್ದುಬಿಡುತ್ತಾರೆ. ಅರ್ಧ ನಿಮಿಷದ ಕೆಲಸ, ಆದರೆ ಬಾಗಿಲು ಬರಿದಾಗಿರುವುದಿಲ್ಲ. ನನಗೂ ಅಂಥ ನಕ್ಷತ್ರವೊಂದಿದೆ: ಇಕ್ಕಳ. ಎರಡು ಉದ್ದ ಗೆರೆ, ಒಂದು ತಿರುಗಣಿ, ಕೆಳಗೆ ತಾರೀಖು. ಜ್ವರ ಬಂದ ದಿನಗಳಲ್ಲಿ, ನೆಂಟರು ತುಂಬಿದ ದಿನಗಳಲ್ಲಿ ನನ್ನ ಪುಸ್ತಕದಲ್ಲಿ ಬರೀ ಇಕ್ಕಳಗಳೇ ಇವೆ. ತಾರೀಖು ಮಾತ್ರ ತಪ್ಪದೆ ಹಾಕಿ, ಹಿಂದಿನ ಪುಟಗಳನ್ನು ತಿಂಗಳಿಗೊಮ್ಮೆಗಿಂತ ಹೆಚ್ಚು ತಿರುವಬೇಡಿ. ನೆಟ್ಟ ಗಿಡವನ್ನು ದಿನಾ ಕಿತ್ತು ಬೇರು ನೋಡುವವರ ಹಾಗಾಗುತ್ತದೆ.

ಇದರಿಂದ ಏನು ಪ್ರಯೋಜನ ಎಂದು ನೀವು ಕೇಳಿಲ್ಲ, ನಿಮ್ಮ ಮನೆಯವರು ಕೇಳುತ್ತಾರೆ. ನಮ್ಮ ಮನೆಯಲ್ಲಂತೂ ಜನವರಿ ಬಂತೆಂದರೆ "ಈ ಸಲ ಬೆಂಗಳೂರಿನ ಚಿತ್ರಸಂತೆಯಲ್ಲಿ ನಿನ್ನ ಪಾತ್ರೆಗಳನ್ನು ಮಾರಾಟಕ್ಕಿಡುತ್ತೀಯಾ?" ಎಂಬ ಪ್ರಶ್ನೆ ಖಾಯಂ. ಇಡುವುದಿಲ್ಲ. ಕುಮಾರಕೃಪಾ ರಸ್ತೆಯ ಆ ಜನಜಂಗುಳಿಯಲ್ಲಿ ಸುತ್ತಾಡಲು ಇಷ್ಟ, ಅಲ್ಲಿ ಕೂರಲು ಇಷ್ಟವಿಲ್ಲ. ಕಚೇರಿಯಲ್ಲಿ ದಿನವಿಡೀ ನನ್ನ ಕೈಯಿಂದ ಹೊರಡುವ ಪ್ರತಿಯೊಂದು ಅಂಕಿಯೂ ಯಾರಿಗೋ ಲೆಕ್ಕ ಒಪ್ಪಿಸಬೇಕಾದದ್ದು. ಒಂಬತ್ತು ನಿಮಿಷದ್ದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂಬುದೇ ನನಗೆ ಸಾಕು.

ಈಗ ರೈಲು ಮತ್ತೆ ಓಡುತ್ತಿದೆ, ನಾನೂ ಓಡಾಡುತ್ತಿದ್ದೇನೆ. ಹೂವಿನವರು ಆ ಬೋಗಿಯಲ್ಲಿ ಕಾಣುತ್ತಿಲ್ಲ. ರೈಲಿನಲ್ಲಿ ಕೆಲವು ದಿನ ಕೈ ಬಿಡಿಸುತ್ತೇನೆ, ಕೆಲವು ದಿನ ನಿದ್ದೆ ಮಾಡುತ್ತೇನೆ. ಬೆಳಗಿನ ಪಾತ್ರೆ ತಪ್ಪುವುದಿಲ್ಲ.

ಮೊದಲ ದಿನ ಏನು ಎಂದಿರಿ. ನಾಳೆ ಬೆಳಗ್ಗೆ ಹಾಲು ಕಾಯಲು ಇಟ್ಟಾಗ, ಆ ಪಾತ್ರೆಯನ್ನೇ ಬಿಡಿಸಿ. ತಳದ ಗೆರೆಯನ್ನು ಬಾಗಿಸಲು ಮರೆಯಬೇಡಿ, ಮರೆತರೂ ಪರವಾಗಿಲ್ಲ, ಇನ್ನೂ ಮೂವತ್ತೇಳು ಪಾತ್ರೆಗಳಿವೆ. ಮತ್ತೆ ಉರಿ ಸಣ್ಣದಾಗಿರಲಿ, ಕಟ್ಟೆ ಒರೆಸುವ ಕೆಲಸ ಚಿತ್ರ ಬಿಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.