ಅಂಕ 80, ಬಾಯಲ್ಲಿ ಎರಡು ವಾಕ್ಯವಿಲ್ಲ

ಪ್ರಶ್ನೆ: 30 ದಿನದಲ್ಲಿ ನಿರರ್ಗಳ ಇಂಗ್ಲಿಷ್ ಕಲಿಸುತ್ತೇವೆ, ಕೊನೆಯಲ್ಲಿ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುತ್ತಾರೆ. ಸೇರಬಹುದೇ?

ಉತ್ತರ: ಕಲಿಸಿದವರೇ ಪರೀಕ್ಷಿಸಿ, ಪಾಸೂ ಮಾಡಿ, ಜಾಹೀರಾತೂ ಕೊಡುವ ವ್ಯವಹಾರವಿದು. ಸೇರಬೇಡಿ.

ಪ್ರಶ್ನೆ: ನಾನು ಇಂಗ್ಲಿಷ್ ಶಿಕ್ಷಕಿ. ನನ್ನ ಮಕ್ಕಳು ಕಿರುಪರೀಕ್ಷೆಯಲ್ಲಿ 80 ಅಂಕ ತೆಗೆಯುತ್ತಾರೆ. ಆದರೆ ನಿನ್ನೆ ಏನು ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ 40 ಮಂದಿ. ಮೌಖಿಕ ಪರೀಕ್ಷೆಗೆ ಸಮಯವೆಲ್ಲಿ?

ಉತ್ತರ: ಮೇಡಂ, ಇದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇರುತ್ತದೆ, ತಪ್ಪು ಮಾತ್ರ ಯಾವಾಗಲೂ ಮಕ್ಕಳದು. ನಿಮ್ಮ ಪ್ರಶ್ನೆಪತ್ರಿಕೆಯನ್ನೊಮ್ಮೆ ತೆಗೆದು ನೋಡಿ. ಬಿಟ್ಟ ಸ್ಥಳ ತುಂಬಿ, ಕಾಲ ಬದಲಿಸಿ, ಹೊಂದಿಸಿ ಬರೆಯಿರಿ. ಇದರಲ್ಲಿ 80 ತೆಗೆದವನಿಗೆ ಬಿಟ್ಟ ಸ್ಥಳ ತುಂಬಲು ಬರುತ್ತದೆ, ಅಷ್ಟೇ. ಪರೀಕ್ಷೆ ಯಾವ ಕಡೆ ವಾಲುತ್ತದೋ ಕಲಿಕೆಯೂ ಆ ಕಡೆಗೇ ವಾಲುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ವಾಶ್‌ಬ್ಯಾಕ್ ಅನ್ನುತ್ತೇವೆ. ಮಾತಿಗೆ ಅಂಕವೇ ಇಲ್ಲದಿದ್ದರೆ ಅವರು ಯಾಕೆ ಮಾತಾಡಿಯಾರು?

ಇನ್ನು ಸಮಯದ ಮಾತು. ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು 5 ನಿಮಿಷ ಮಾತಾಡಿಸಿದರೆ 200 ನಿಮಿಷ ಬೇಕು, ನಿಜ. ಹಾಗೇ ಮಾಡಬೇಕೆಂದು ಯಾರು ಹೇಳಿದರು? ಇಡೀ ತರಗತಿಯನ್ನು ಜೋಡಿಗಳಾಗಿ ಕೂರಿಸಿ. ಒಂದೇ ವೇಳಾಪಟ್ಟಿಯ ಅರ್ಧ ಒಬ್ಬಳ ಕೈಯಲ್ಲಿ, ಉಳಿದರ್ಧ ಇನ್ನೊಬ್ಬಳ ಕೈಯಲ್ಲಿರಲಿ. ಹಾಳೆ ತೋರಿಸದೆ, ಕೇಳಿ ಹೇಳಿಯೇ ಪೂರ್ತಿ ಮಾಡಬೇಕು. ಎಲ್ಲರೂ ಮಾತಾಡುತ್ತಿರುವಾಗ ನೀವು ಅಂದು ಎರಡೇ ಜೋಡಿಯ ಪಕ್ಕ ನಿಲ್ಲಿ. ದಿನಕ್ಕೆ 4 ಮಂದಿ, 10 ತರಗತಿಗೆ 40.

ಗಮನಿಸಬೇಕಾದ್ದು ಮೂರೇ: ಹೇಳಿದ್ದು ಎದುರಿನವರಿಗೆ ತಿಳಿಯಿತೇ, ಪದ ಸಿಗದಾಗ ಸುತ್ತಿ ಬಳಸಿಯಾದರೂ ದಾಟಿಸಿದರೇ, ಜೊತೆಗಾರರ ಮಾತು ಕೇಳಿಸಿಕೊಂಡು ಮುಂದುವರಿಸಿದರೇ. ಒಂದೊಂದಕ್ಕೆ 0, 1 ಅಥವಾ 2. ನಾಲ್ಕನೆಯದನ್ನು ಸೇರಿಸುವ ಆಸೆ ಬರುತ್ತದೆ, ಬೇಡ. ನಾನೊಮ್ಮೆ 10 ಕಾಲಂಗಳ ಹಾಳೆ ಹಿಡಿದು ನಿಂತಿದ್ದೆ. ತುಂಬಿಸುವ ಗಡಿಬಿಡಿಯಲ್ಲಿ ಮಕ್ಕಳ ಮಾತೇ ಕಿವಿಗೆ ಬೀಳಲಿಲ್ಲ, ಎಲ್ಲರಿಗೂ ನಡುವಿನ ಅಂಕ ಹಾಕಿ ಎದ್ದುಬಂದೆ. ಉಚ್ಚಾರಣೆ ಅರ್ಥಕ್ಕೆ ಅಡ್ಡ ಬಂದರೆ ಮಾತ್ರ ಅಂಕ ಕಳೆಯಿರಿ. ಬಿಬಿಸಿ ವಾರ್ತೆ ಓದುವವರಂತೆ ಕೇಳಿಸಲಿಲ್ಲ ಎಂದು ಅಂಕ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾತಾಡುವಾಗ ನಡುವೆ ಬಾಯಿ ಹಾಕಿ ತಿದ್ದಲೂಬೇಡಿ. ತಪ್ಪುಗಳನ್ನು ಬರೆದಿಟ್ಟುಕೊಂಡು, ಯಾರದೆಂದು ಹೇಳದೆ, ಕೊನೆಯ 5 ನಿಮಿಷದಲ್ಲಿ ಬೋರ್ಡಿನ ಮೇಲೆ ಹಾಕಿ. ಇನ್ನೊಂದು ವಿಚಾರ. ಒಂದೇ ಸಲ ಕೇಳಿದ ಅಂಕವನ್ನು ನಾನಂತೂ ರಿಪೋರ್ಟ್ ಕಾರ್ಡಿಗೆ ಏರಿಸುವುದಿಲ್ಲ. ವಾಚಾಳಿ ಜೊತೆಗಾರ ಸಿಕ್ಕರೆ ಚುರುಕು ಹುಡುಗಿಯೂ ಮಂಕಾಗಿ ಕಾಣುತ್ತಾಳೆ. ಬೇರೆ ಜೋಡಿಯಲ್ಲಿ ಇನ್ನೊಮ್ಮೆ ಕೇಳಿ, ಆಮೇಲೆ ಬರೆಯಿರಿ.

ಪ್ರಶ್ನೆ: ಪ್ರಬಂಧದ ಎಲ್ಲ ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಅಂಕ ಹಾಕಬೇಕೇ?

ಉತ್ತರ: ಬೇಡ. ಒಂದೆರಡು ಬಗೆಯ ತಪ್ಪಿಗೆ ಗೆರೆ ಎಳೆದು ಅವರಿಂದಲೇ ತಿದ್ದಿಸಿ. ಅಂಕ ಆಮೇಲೆ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರು ಸುಧಾರಿಸಲಿಲ್ಲ. ಅದು ಇಂಗ್ಲಿಷ್ ಪಾಠದ ಪ್ರಯೋಗವಲ್ಲ, ಆದರೂ ಅಂಕ ಕಂಡೊಡನೆ ಪುಸ್ತಕ ಮುಚ್ಚುವ ಮಕ್ಕಳನ್ನು ನೀವೂ ನೋಡಿದ್ದೀರಿ.

ಪ್ರಶ್ನೆ: 10 ನಿಮಿಷದ ಆನ್‌ಲೈನ್ ಪರೀಕ್ಷೆ ನನ್ನ ಮಗ ಸಿ2 ಮಟ್ಟದವನು ಅನ್ನುತ್ತಿದೆ. ನಂಬಲೇ?

ಉತ್ತರ: ತೀರಾ ಕೆಳಗಿನ ಎ1ರಿಂದ ತುದಿಯ ಸಿ2ವರೆಗಿನ ಆರು ಮಟ್ಟಗಳು 2001ರಲ್ಲಿ ಹೊರಬಂದ, ಭಾಷಾ ಸಾಮರ್ಥ್ಯ ಗುರುತಿಸುವ ಯುರೋಪಿನ ಚೌಕಟ್ಟಿನವು. ಕಲಿತವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂಬುದರ ವಿವರಣೆ ಅವು. ನಿಮ್ಮ ಮಗ ಒಂದು ವಾಕ್ಯ ಆಡದೆ, ಒಂದು ಸಾಲು ಬರೆಯದೆ ಸಿ2 ಆಗಿಬಿಟ್ಟನೇ? ಫಲಿತಾಂಶದ ಕೆಳಗೆ ಯಾವ ಕೋರ್ಸ್ ಮಾರುತ್ತಿದ್ದಾರೆ ನೋಡಿ.

ಪ್ರಶ್ನೆ: ಆಲಿಸುವ ಪರೀಕ್ಷೆಗೆ ಮಾತೃಭಾಷೆಯಲ್ಲಿ ಸೂಚನೆ ಕೊಟ್ಟರೆ ತಪ್ಪೇ?

ಉತ್ತರ: ಧಾರಾಳವಾಗಿ ಕೊಡಿ. ಪರೀಕ್ಷೆ ಆಲಿಸುವುದಕ್ಕೆ, ಸೂಚನೆ ಓದುವುದಕ್ಕಲ್ಲ.