ರಾತ್ರಿ 3 ಗಂಟೆಗೆ ನಾಡಿ ಹಿಡಿದು ನೋಡುವ ಮೇಷ್ಟ್ರಿಗೆ

ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರ ಕಳೆದ ವಾರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಎಂದು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ 67 ವರ್ಷ. ರಾಜಾಜಿನಗರದಲ್ಲಿ ಮನೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಹತ್ತು ವರ್ಷದಿಂದ ಪ್ರತಿ ಶನಿವಾರ ಸಂಜೆ ಬಡಾವಣೆಯ ದೇವಸ್ಥಾನದಲ್ಲಿ ಗೀತೆ ಹೇಳಿಕೊಡುತ್ತೀರಿ. ದಿನಾ ಜೊತೆಗೆ ವಾಕಿಂಗ್ ಬರುತ್ತಿದ್ದ ಗೆಳೆಯರು ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬರಲಿಲ್ಲ. ರಾತ್ರಿ ಮಲಗಿದವರು ಏಳಲೇ ಇಲ್ಲ. ಅಂದಿನಿಂದ ನಿಮಗೆ ರಾತ್ರಿ 3 ಗಂಟೆಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಕತ್ತಲಲ್ಲೇ ಎಡಗೈ ನಾಡಿ ಹಿಡಿದು ಎಣಿಸುತ್ತೀರಿ. ಪಕ್ಕದಲ್ಲಿ ಮಲಗಿರುವ ಮನೆಯವರಿಗೆ ಇದುವರೆಗೂ ಹೇಳಿಲ್ಲ.

ಕೊನೆಗೆ ನೀವು ಕೇಳಿದ್ದು ಇಷ್ಟು: "ಆತ್ಮಕ್ಕೆ ಸಾವಿಲ್ಲ ಎಂದು ಹತ್ತು ವರ್ಷ ಪಾಠ ಹೇಳಿದವನು ನಾನು. ಸಾವು ಅಂದರೆ ನನಗೇ ಯಾಕೆ ಇಷ್ಟು ಹೆದರಿಕೆ? ನನ್ನ ನಂಬಿಕೆ ಸುಳ್ಳಾ? ಬೇರೆ ಧರ್ಮದವರಿಗೂ ಹೀಗೇ ಆಗುತ್ತಾ?"

ಮೊದಲು ಮೈಯ ವಿಷಯ ಮುಗಿಸಿಬಿಡೋಣ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಒಂದು ಇಸಿಜಿ ಮಾಡಿಸಿ. ಎದೆ ಹೊಡೆದುಕೊಳ್ಳುವುದಕ್ಕೆ ಹೃದಯ, ಥೈರಾಯ್ಡ್, ರಕ್ತಹೀನತೆ ಏನು ಬೇಕಾದರೂ ಕಾರಣ ಇರಬಹುದು. ಎಲ್ಲ ಸರಿ ಇದ್ದು ಬರೀ ಗಾಬರಿ ಎಂದಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಾಬರಿಗೆ ಔಷಧ ತೆಗೆದುಕೊಂಡರೆ ಭಕ್ತಿಗೇನೂ ಕಡಿಮೆಯಾಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಂಬಿಕೆ ಸುಳ್ಳಲ್ಲ ಮೇಷ್ಟ್ರೇ. ಅದನ್ನು ನಿಮ್ಮ ಶನಿವಾರದ ಪಾಠದಿಂದಲೇ ತೋರಿಸುತ್ತೇನೆ.

ಎರಡನೇ ಅಧ್ಯಾಯ ನಿಮಗೆ ಬಾಯಿಪಾಠ. ಹಳೇ ಬಟ್ಟೆ ಬಿಟ್ಟು ಹೊಸ ಬಟ್ಟೆ ಉಡುವ ಹಾಗೆ ಆತ್ಮ ದೇಹ ಬದಲಿಸುತ್ತದೆ ಎನ್ನುವ ಮಾತು ಅಲ್ಲಿದೆ. ಅರ್ಜುನ ಅದನ್ನು ಕೃಷ್ಣನ ಬಾಯಿಂದಲೇ ಕೇಳಿದ. ಅದಕ್ಕಿಂತ ದೊಡ್ಡ ಮೇಷ್ಟ್ರು ಎಲ್ಲಿ ಸಿಗಬೇಕು? ಹಾಗಿದ್ದರೂ 11ನೇ ಅಧ್ಯಾಯದಲ್ಲಿ ಏನಾಯಿತು? ಕೃಷ್ಣ ವಿಶ್ವರೂಪ ತೋರಿಸಿ, ನಾನು ಕಾಲ ಎಂದ. ಯೋಧರೆಲ್ಲ ಆ ಬಾಯಿಗಳಿಗೆ ನುಗ್ಗುವುದು ಕಾಣಿಸಿತು. ಅರ್ಜುನ ಗಡಗಡ ನಡುಗಿದ. ಮಾತು ತೊದಲಿತು. 35ನೇ ಶ್ಲೋಕ ತೆಗೆದು ನೋಡಿ, 'ಭೀತಭೀತಃ' ಎಂದಿದೆ. ಹೆದರಿದ ಎಂದು ಒಂದು ಸಲ ಹೇಳಿದ್ದು ಸಾಲದು ಎಂಬಂತೆ ಎರಡು ಸಲ. ಒಂಬತ್ತು ಅಧ್ಯಾಯದ ಹಿಂದೆ ಕೇಳಿದ ಪಾಠ ಆ ಗಳಿಗೆಯಲ್ಲಿ ಅವನ ನೆರವಿಗೆ ಬರಲಿಲ್ಲ.

ಆಗ ಕೃಷ್ಣ ಏನು ಮಾಡಿದ? ಅಷ್ಟೆಲ್ಲ ಹೇಳಿದ್ದು ಎಲ್ಲಿ ಹೋಯಿತು ಎಂದು ಗದರಿಸಲಿಲ್ಲ. ಆತ್ಮದ ಪಾಠವನ್ನು ಮತ್ತೆ ಮೊದಲಿಂದ ಶುರು ಮಾಡಲಿಲ್ಲ. ಹೆದರಬೇಡ ಎಂದು ಹೇಳಿ, ಆ ರೂಪ ಬಿಟ್ಟು ಅರ್ಜುನನಿಗೆ ಪರಿಚಯದ ಸೌಮ್ಯ ರೂಪಕ್ಕೆ ಬಂದ. ಹೆದರಿದವನನ್ನು ಸಮಾಧಾನ ಮಾಡಿದ. 50ನೇ ಶ್ಲೋಕದಲ್ಲಿ 'ಆಶ್ವಾಸಯಾಮಾಸ' ಎಂಬ ಮಾತಿದೆ. ನಾವೆಲ್ಲ ವಿಶ್ವರೂಪಕ್ಕೆ ಕೈಮುಗಿದು, ಈ ಶ್ಲೋಕವನ್ನು ಬೇಗ ಬೇಗ ಹೇಳಿ ಮುಂದೆ ಹೋಗಿಬಿಡುತ್ತೇವೆ. ನಿಮ್ಮ ಪತ್ರ ಓದಿದ ಮೇಲೆ ನಾನು ಅಲ್ಲೇ ತುಂಬ ಹೊತ್ತು ನಿಂತೆ.

ಪತಂಜಲಿಯ ಯೋಗಸೂತ್ರದಲ್ಲೂ ನಿಮ್ಮ ಭಯಕ್ಕೆ ಹೆಸರಿದೆ. ಅಭಿನಿವೇಶ. ಮನುಷ್ಯನನ್ನು ಕಾಡುವ ಐದು ಕ್ಲೇಶಗಳಲ್ಲಿ ಕೊನೆಯದು. ಬದುಕಿಗೆ ಅಂಟಿಕೊಳ್ಳುವ, ಸಾವಿಗೆ ಹಿಂಜರಿಯುವ ಈ ಗುಣ 'ವಿದುಷೋಽಪಿ', ಅಂದರೆ ತಿಳಿದವರಲ್ಲೂ ಬೇರು ಬಿಟ್ಟಿರುತ್ತದೆ ಎಂದು ಎರಡನೇ ಪಾದದ 9ನೇ ಸೂತ್ರ ಹೇಳುತ್ತದೆ. ಕಠೋಪನಿಷತ್ತಿನ ನಚಿಕೇತ, ಸತ್ತ ಮೇಲೆ ಏನು ಎಂದು ಕೇಳಿದಾಗ ಯಮನೇ ಹಿಂದೆ ಸರಿದ. ದೇವತೆಗಳಿಗೂ ಇದರಲ್ಲಿ ಅನುಮಾನ ಇತ್ತು, ಬೇರೆ ಏನಾದರೂ ಕೇಳು, ಆನೆ ಕೊಡುತ್ತೇನೆ, ಚಿನ್ನ ಕೊಡುತ್ತೇನೆ ಎಂದ. ದೇವತೆಗಳಿಗೇ ಗೊಂದಲ ಇದ್ದ ವಿಷಯದಲ್ಲಿ ರಾಜಾಜಿನಗರದ ಒಬ್ಬ ಮೇಷ್ಟ್ರಿಗೆ ನಿದ್ದೆ ಕೆಟ್ಟರೆ ಅದು ಬೂಟಾಟಿಕೆ ಹೇಗಾಗುತ್ತದೆ?

ಸಾವು ಎಂಬ ಮಾತನ್ನೇ ನಾವು ಬಾಯಿಗೆ ತರುವುದಿಲ್ಲ ಅಲ್ವಾ. ತೀರಿಕೊಂಡರು, ಹೋಗಿಬಿಟ್ಟರು, ಶಿವನ ಪಾದ ಸೇರಿದರು, ವೈಕುಂಠವಾಸಿಯಾದರು ಎನ್ನುತ್ತೇವೆ. ಮನೆಯಿಂದ ಹೊರಡುವಾಗ "ಹೋಗ್ತೀನಿ" ಎಂದರೆ ಅಜ್ಜಿಯಂದಿರು ಬೈದು "ಬರ್ತೀನಿ ಅನ್ನು" ಎಂದು ತಿದ್ದುತ್ತಿದ್ದರು. ನಮ್ಮ ಭಾಷೆಯೇ ಇಷ್ಟು ಹೆದರಿದೆ.

ಆದರೆ ಎಲ್ಲರ ಭಯ ಒಂದೇ ಅಲ್ಲ. ಹಿರಿಯರು ದೇವಸ್ಥಾನದಿಂದ ಹೊರಡುವ ಮುಂಚೆ ಸ್ವಲ್ಪ ಹೊತ್ತು ಕೂತು ಹೇಳುವ ಶ್ಲೋಕ ನಿಮಗೆ ಗೊತ್ತು, 'ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ'. ನರಳದೆ ಸಾಯಬೇಕು, ಯಾರ ಮುಂದೂ ಕೈಚಾಚದೆ ಬದುಕಬೇಕು. ಇದು ಹಾಸಿಗೆ ಹಿಡಿಯುವ ಭಯ. ಇನ್ನೊಂದು, ಸತ್ತ ಮೇಲೆ ಏನಾಗುತ್ತದೋ ಎನ್ನುವ ಭಯ. ಸೂತಕದ ಮನೆಯಲ್ಲಿ ಗರುಡ ಪುರಾಣ ಓದಿಸುವ ಪದ್ಧತಿ ಇದೆ. ವೈತರಣಿ ನದಿ, ಯಮಲೋಕದ ಶಿಕ್ಷೆಗಳು ಎಲ್ಲ ಅದರಲ್ಲಿ ಬರುತ್ತವೆ. ಬದುಕಿರುವಾಗ ಎಚ್ಚರವಾಗಿರಲಿ ಎಂದು ಬರೆದದ್ದಿರಬಹುದು. ಆದರೆ ನಿನ್ನೆ ಅಪ್ಪನನ್ನು ಕಳೆದುಕೊಂಡ ಮಕ್ಕಳ ಮುಂದೆ ಅದನ್ನು ಓದುವುದು ನನಗೆ ಸರಿ ಕಾಣುವುದಿಲ್ಲ.

ಬೇರೆ ಧರ್ಮದವರಿಗೂ ಹೀಗೇನಾ ಎಂದಿರಿ. ನಮ್ಮ ಪತ್ರಿಕೆಗೆ ವರ್ಷಗಟ್ಟಲೆ ಬೈಂಡಿಂಗ್ ಮಾಡಿಕೊಟ್ಟ ಒಬ್ಬ ಮುಸ್ಲಿಂ ಗೆಳೆಯರನ್ನು ಒಮ್ಮೆ ಇದನ್ನೇ ಕೇಳಿದ್ದೆ. ಅಂಟು ಹಚ್ಚುತ್ತಲೇ ಹೇಳಿದರು, "ಸಾವಿಗಲ್ಲ ಸಾರ್, ಲೆಕ್ಕಕ್ಕೆ ಹೆದರಿಕೆ." ಪ್ರತಿ ಜೀವವೂ ಸಾವಿನ ರುಚಿ ನೋಡಲೇಬೇಕು ಎಂದು ಕುರ್‌ಆನ್ ಹೇಳುತ್ತದೆ. ಸಮಾಧಿಯಲ್ಲಿ ಮುನ್ಕರ್, ನಕೀರ್ ಎಂಬ ಇಬ್ಬರು ದೇವದೂತರು ಬಂದು ನಿನ್ನ ದೇವರು ಯಾರು, ಧರ್ಮ ಯಾವುದು, ಪ್ರವಾದಿ ಯಾರು ಎಂದು ಕೇಳುತ್ತಾರೆ ಎಂಬುದು ಅವರ ನಂಬಿಕೆ. ಕಡೆಯ ದಿನ ಬದುಕಿನ ಪೂರ್ತಿ ಲೆಕ್ಕ ಒಪ್ಪಿಸಬೇಕು.

ಅವರ ತಂದೆ ತೀರಿಕೊಂಡಾಗ ನಾನು ಮೈಸೂರು ರಸ್ತೆಯ ಖಬರಸ್ತಾನಕ್ಕೆ ಹೋಗಿದ್ದೆ. ಮನೆಯಲ್ಲಿ ಅವರೇ ತಂದೆಗೆ ಸ್ನಾನ ಮಾಡಿಸಿದ್ದರು. ಕೊನೆಯ ನೀರಿಗೆ ಕರ್ಪೂರ ಬೆರೆಸುತ್ತಾರೆ. ನೀರು ಬಿಸಿ ಜಾಸ್ತಿ ಆಯಿತೇನೋ ಎಂದು ಪ್ರತಿ ಚೊಂಬಿಗೂ ತಮ್ಮ ಮುಂಗೈ ಮೇಲೆ ಹನಿಸಿ ನೋಡಿದರಂತೆ, ಹಸುಗೂಸಿಗೆ ನೋಡುವ ಹಾಗೆ. ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಜನ ಚದುರತೊಡಗಿದರು. ನಾನು ಮೆಲ್ಲಗೆ, ಹೊರಡೋಣವಾ ಎಂದೆ. ಅವರು ನನ್ನ ತೋಳು ಹಿಡಿದರು. "ಸ್ವಲ್ಪ ಇರಿ ಸಾರ್. ಈಗ ತಂದೆಗೆ ಪ್ರಶ್ನೆ ಕೇಳ್ತಾ ಇರ್ತಾರೆ. ಒಬ್ಬರೇ ಆಗಿಬಿಡ್ತಾರೆ." ಹೂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತು, ಉತ್ತರ ಹೇಳಲು ಅವರಿಗೆ ಧೈರ್ಯ ಕೊಡಪ್ಪಾ ಎಂದು ಬೇಡಿಕೊಳ್ಳುವ ಪದ್ಧತಿ ಅವರಲ್ಲಿದೆ. ನಾವಿಬ್ಬರೂ ನಿಂತೆವು. ಫ್ಲೈಓವರ್ ಮೇಲಿನ ಗಾಡಿಗಳ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ.

ಕ್ರೈಸ್ತರ ಯೇಸುವೂ ಹೆದರಿದ್ದ. ಹಿಡಿದುಕೊಡುವ ಹಿಂದಿನ ಗಳಿಗೆಗಳಲ್ಲಿ ಗೆತ್ಸೆಮನೆ ತೋಟದಲ್ಲಿ ಮಣ್ಣಿಗೆ ಬಿದ್ದು, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಪ್ರಾರ್ಥಿಸಿದ. ಅದಕ್ಕೂ ಮೊದಲು ಪೇತ್ರ, ಯಾಕೋಬ, ಯೋಹಾನ ಮೂವರನ್ನೂ ಕರೆದು, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡಿದ್ದ. ಅಷ್ಟೇ ಕೇಳಿದ್ದು. ಅವರು ಮೂವರೂ ನಿದ್ದೆ ಹೋದರು. ಮೂರನೇ ದಿನ ಏಳುತ್ತೇನೆ ಎಂದು ತಾನೇ ಹೇಳಿದ್ದವನಿಗೂ ಆ ರಾತ್ರಿ ಜೊತೆಗೆ ಯಾರಾದರೂ ಇರಲಿ ಎನಿಸಿತು. ನವೆಂಬರ್ 2ರ ಸಂಜೆ ಹೊಸೂರು ರಸ್ತೆಯ ಸ್ಮಶಾನದ ಕಡೆ ಹೋಗಿದ್ದೀರಾ? ಸತ್ತವರ ನೆನಪಿನ ದಿನ ಅದು. ಮನೆ ಮಂದಿಯೆಲ್ಲ ಬಂದು ಸಮಾಧಿ ತೊಳೆದು, ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ ಕೂರುತ್ತಾರೆ. ನಮ್ಮ ಪಿತೃಪಕ್ಷದ ಎಡೆಯ ಹಾಗೇ ಅನಿಸುತ್ತದೆ.

ಬುದ್ಧನ ಸಾಸಿವೆಯ ಕಥೆ ಗಾದೆಯೇ ಆಗಿಹೋಗಿದೆ. ಮಗು ಸತ್ತ ಕಿಸಾಗೋತಮಿಗೆ, ಸಾವಿಲ್ಲದ ಮನೆಯ ಸಾಸಿವೆ ತಾ ಎಂದ. ಎಲ್ಲರೂ ಸಾಯುತ್ತಾರೆ ಎಂದು ತಿಳಿಸಲು ಹಾಗೆ ಹೇಳಿದ ಎನ್ನುತ್ತೇವೆ. ಅದಷ್ಟೇ ಆಗಿದ್ದರೆ ಕೂತಲ್ಲೇ ಬಾಯಲ್ಲಿ ಹೇಳಬಹುದಿತ್ತು. ಅವಳನ್ನು ಮನೆ ಮನೆಗೆ ಯಾಕೆ ಕಳಿಸಿದ? ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ನಿಂತು, ನಮ್ಮ ಮನೆಯಲ್ಲೂ ಹೋದರಮ್ಮಾ ಎಂದು ಹೇಳಲಿ ಎಂದೇ ಇರಬೇಕು ಎಂದು ನನಗೆ ಅನಿಸುತ್ತದೆ.

ಭಯವನ್ನು ಗೆದ್ದವರೂ ನಮ್ಮ ನಾಡಲ್ಲಿದ್ದಾರೆ, ಇಲ್ಲ ಎನ್ನುವುದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಜೈನರ ಸಲ್ಲೇಖನ ವ್ರತದಲ್ಲಿ ಪ್ರಾಣ ಬಿಟ್ಟವರ ಶಾಸನಗಳು ಸಾಲಾಗಿವೆ. ಊಟ, ಆಮೇಲೆ ನೀರು, ಒಂದೊಂದಾಗಿ ಬಿಡುತ್ತಾ ಹೋಗುವುದು. ಶರಣರು ಮರಣವೇ ಮಹಾನವಮಿ ಎಂದರು. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಪೂಜೆಗೆ ಕೂತ ಹಾಗೇ. ಇವೆಲ್ಲ ದೊಡ್ಡವು. ಆದರೆ ಮುಂದಿನ ವಾರಕ್ಕೇ ಆ ಎತ್ತರ ಹತ್ತಬೇಕು ಎಂದು ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ.

2021ರ ಏಪ್ರಿಲ್, ಮೇ ತಿಂಗಳು ಬೆಂಗಳೂರಿನವರು ಯಾರೂ ಮರೆಯುವ ಹಾಗಿಲ್ಲ. ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ಆ ದಿನಗಳಲ್ಲಿ ಎಷ್ಟೋ ಓದುಗರು ನಮಗೆ ಬರೆದರು. ಹೋದರಲ್ಲಾ ಎನ್ನುವುದಕ್ಕಿಂತ, ಹತ್ತಿರ ಯಾರೂ ಇರಲಿಲ್ಲವಲ್ಲಾ ಎಂದು ಅತ್ತವರೇ ಜಾಸ್ತಿ. ಮನೆಯವರು ಬಂದು ತೆಗೆದುಕೊಂಡು ಹೋಗದ ನೂರಾರು ಜನರ ಅಸ್ಥಿಯನ್ನು ಕೊನೆಗೆ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು.

ಈಗ ನನ್ನ ಮನೆಯ ಒಂದು ವಿಷಯ. ನಮ್ಮಮ್ಮ ದಿನಾ ಬೆಳಿಗ್ಗೆ ವಿಷ್ಣು ಸಹಸ್ರನಾಮ ಹೇಳುತ್ತಿದ್ದವರು. ಹನುಮಂತನಗರದ ಮನೆಯಲ್ಲಿ ಕೊನೆಯ ಹದಿನೈದು ದಿನ ಮಲಗಿದ್ದರು. ಒಂದು ರಾತ್ರಿ ನಾನು ಮಾತ್ರೆ ಕೊಟ್ಟು, ಹೊದಿಕೆ ಸರಿಮಾಡಿ, ಸ್ವಿಚ್ಚಿಗೆ ಕೈ ಹಾಕಿದೆ. "ಲೈಟ್ ಆರಿಸಬೇಡ ಕಣೋ" ಎಂದರು. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಎಂದು ಜೀವಮಾನವಿಡೀ ನಮ್ಮ ಹಿಂದೆ ಹಿಂದೆಯೇ ಬಂದು ಲೈಟ್ ಆರಿಸುತ್ತಿದ್ದವರು ಅವರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಹೆದರಬೇಡಮ್ಮಾ, ದೇವರಿದ್ದಾನೆ" ಎಂದು ಬಾಗಿಲ ಕಡೆ ನಡೆದೆ.

ಹಿಂದಿನಿಂದ ಅಮ್ಮ ಹೇಳಿದರು, "ದೇವರಿದ್ದಾನೆ ಕಣೋ. ನೀನೂ ಇರು."

ಕುರ್ಚಿ ಎಳೆದುಕೊಂಡು ಕೂತೆ. ಅವರ ಪಾದ ತಣ್ಣಗಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಮ್ಮನಿಗೆ ದೇವರಲ್ಲಿ ನಂಬಿಕೆ ಕಡಿಮೆಯಾಗಿತ್ತು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಹಾಸಿಗೆ ಹಿಡಿಯುವ ಭಯವೂ ನಿಮಗಿದೆ, ಮಷೀನಿಗೆ ಹಾಕಿ ಎಳೆಯುತ್ತಾರೇನೋ ಎಂದು ಬರೆದಿದ್ದೀರಿ. ಇದಕ್ಕೆ ದಾರಿಯಿದೆ. ವಾಸಿಯಾಗದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ವಾಸಿಯಾಗದ ಕ್ಯಾನ್ಸರ್ ಇರುವವರನ್ನು ಮಾರತ್‌ಹಳ್ಳಿ ಕಡೆಯ ಕರುಣಾಶ್ರಯ 1999ರಿಂದ ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ನೋವು ಕಡಿಮೆ ಮಾಡುವುದೇ ಅಲ್ಲಿನ ಕೆಲಸ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ ಬನ್ನಿ.

ಆ ಕಾಗದದ ವಿಷಯ ಮನೆಯವರಿಗೂ ಗೊತ್ತಿರಬೇಕಾಗುತ್ತದೆ. ಅಂದರೆ ಹೇಗಿದ್ದರೂ ಅವರಿಗೆ ಹೇಳಲೇಬೇಕು. ನಲವತ್ತೊಂದು ವರ್ಷ ಜೊತೆಗೆ ಬಾಳಿದವರು ಎಂದು ನೀವೇ ಬರೆದಿದ್ದೀರಿ. ನಿಮಗೆ ನಿದ್ದೆ ಬರುತ್ತಿಲ್ಲ ಎಂದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ನೀವಾಗಿ ಹೇಳಲಿ ಎಂದು ಅವರೂ ಕತ್ತಲಲ್ಲಿ ಸುಮ್ನೆ ಕಣ್ಣು ಮುಚ್ಚಿ ಮಲಗಿರಬಹುದು.

ಇವತ್ತು ರಾತ್ರಿ ಎಚ್ಚರವಾದರೆ ನಾಡಿ ಹಿಡಿಯಬೇಡಿ ಮೇಷ್ಟ್ರೇ. ಅವರನ್ನು ಎಬ್ಬಿಸಿ.

— ಸಂಪಾದಕ